ಹಟರೈಟರ ಊಟದ ಮನೆ, ನಮ್ಮ ಊಟದ ಮೇಜು

ಕೆನಡಾದ ಕ್ಯಾಲ್ಗರಿಯ ರೈತರ ಸಂತೆಯಲ್ಲಿ ನಾವು ಆಲೂಗಡ್ಡೆ, ಕ್ಯಾರೆಟ್ ಕೊಳ್ಳುವುದು ಹಟರೈಟ್ ಹೆಂಗಸರ ಹತ್ತಿರ. ಹಟರೈಟರು ಅಂದರೆ ಕಾಲೊನಿ ಎಂಬ ತಮ್ಮದೇ ಊರುಗಳಲ್ಲಿ, ಆಸ್ತಿಯನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಬಾಳುವ ಒಂದು ಕ್ರೈಸ್ತ ಪಂಗಡ. ಕರಿ ಬಟ್ಟೆಯ ಮೇಲೆ ಬಿಳಿ ಚುಕ್ಕಿಯ ತಲೆವಸ್ತ್ರ, ಉದ್ದ ಲಂಗ. ನನಗೆ ಇಂಗ್ಲಿಷಿನಲ್ಲಿ ಬೆಲೆ ಹೇಳಿ, ಪಕ್ಕದಲ್ಲಿ ಚೀಲ ಹಿಡಿದು ನಿಂತ ಹುಡುಗಿಗೆ ತಮ್ಮ ಜರ್ಮನ್ ಆಡುಮಾತಿನಲ್ಲಿ ಏನೋ ಹೇಳುತ್ತಾರೆ. ಅವಳೂ ಅದೇ ಮಾತಿನಲ್ಲಿ ಉತ್ತರ ಕೊಡುತ್ತಾಳೆ. ನನ್ನ ಮಗನಿಗೆ ನಾನು ಕನ್ನಡದಲ್ಲಿ ಕೇಳಿದರೆ ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ.

ಮೊನ್ನೆ ಇವರ ಬಗ್ಗೆ ಕಾಲಿನ್ ಲೋ 1964ರಲ್ಲಿ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ಗೆ ಮಾಡಿದ ಸಾಕ್ಷ್ಯಚಿತ್ರ ನೋಡಿದೆ. ಕಪ್ಪು ಬಿಳುಪು, 28 ನಿಮಿಷ. ಅದರಲ್ಲಿರುವುದು ಇಲ್ಲೇ ನಮ್ಮ ಆಲ್ಬರ್ಟಾ ಪ್ರಾಂತ್ಯದ ಒಂದು ಕಾಲೊನಿ. ಫೋಟೋ ತೆಗೆಸಿಕೊಳ್ಳುವುದು ದೇವರಿಗೆ ವಿರುದ್ಧ ಎನ್ನುವವರು ಇವರಲ್ಲಿ ಇದ್ದಾರೆ. ಅಂಥವರು ಕ್ಯಾಮೆರಾವನ್ನು ಒಳಗೆ ಬಿಟ್ಟುಕೊಂಡದ್ದೇ ದೊಡ್ಡದು.

1528ರಲ್ಲಿ, ಈಗಿನ ಚೆಕ್ ದೇಶದಲ್ಲಿರುವ ಮೊರಾವಿಯಾದ ದಾರಿಯಲ್ಲಿ ಇವರ ಹಿರಿಯರು ಒಂದು ಮೇಲಂಗಿ ಹಾಸಿ, ತಮ್ಮ ಹತ್ತಿರ ಇದ್ದಬದ್ದದ್ದನ್ನೆಲ್ಲ ಅದರ ಮೇಲಿಟ್ಟರು. ಅಂದಿನಿಂದ ಆಸ್ತಿ ಎಲ್ಲರದ್ದು. ಇವರಿಗೆ ಹೆಸರು ಕೊಟ್ಟ ಯಾಕೋಬ್ ಹಟರ್‌ನನ್ನು 1536ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಅವನ ನಂಬಿಕೆಗಾಗಿ ಸುಟ್ಟು ಕೊಂದರು. ದೇಶ ದೇಶ ಅಲೆದು 1874ರಲ್ಲಿ ಅಮೆರಿಕದ ಡಕೋಟಾ ಸೇರಿದರು. ಯುದ್ಧ ಮಾಡುವುದು ಇವರ ನಂಬಿಕೆಗೆ ವಿರುದ್ಧ; ಮೊದಲ ಮಹಾಯುದ್ಧದಲ್ಲಿ ಸಮವಸ್ತ್ರ ತೊಡಲು ಒಪ್ಪದ ಇವರ ಅಣ್ಣತಮ್ಮಂದಿರಿಬ್ಬರು ಅಮೆರಿಕದ ಸೇನೆಯ ಜೈಲಿನಲ್ಲಿ ಸತ್ತರು. ಬಹುಪಾಲು ಜನ ಕೆನಡಾಕ್ಕೆ ಬಂದದ್ದು ಆ ಹೊತ್ತಿನಲ್ಲೇ.

ನೋಡುವಾಗ ನನಗೆ ಕಾಯಕ, ದಾಸೋಹ ನೆನಪಾದವು. ಆದರೆ ಎರಡೂ ಒಂದೇ ಅಲ್ಲ. ಶರಣರಲ್ಲಿ ಸಂಸಾರ ಅವರವರದ್ದೇ, ದುಡಿದದ್ದರಲ್ಲಿ ಜಂಗಮಕ್ಕೆ ಪಾಲು. ಇಲ್ಲಿ ಗಂಡಹೆಂಡಿರಿಗೂ ಬೇರೆ ಗಂಟಿಲ್ಲ, ಬೇರೆ ಒಲೆಯೂ ಇಲ್ಲ.

ಆ ಒಲೆಯೇ ನನ್ನನ್ನು ಕಾಡಿದ್ದು. ಗಂಟೆ ಹೊಡೆದರೆ ಎಲ್ಲರೂ ಊಟದ ಮನೆಗೆ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ, 15 ತುಂಬದ ಮಕ್ಕಳಿಗೆ ಬೇರೆ ಪಂಕ್ತಿ. ಮೂರು ವರ್ಷದ ಕೂಸುಗಳು ಶಿಶುಶಾಲೆಯಲ್ಲಿ ಜರ್ಮನ್ ಪ್ರಾರ್ಥನೆ ಬಾಯಿಪಾಠ ಮಾಡುತ್ತವೆ. ದೊಡ್ಡವಾದ ಮೇಲೆ ಇಂಗ್ಲಿಷ್ ಶಾಲೆಯ ಜೊತೆಗೆ ಜರ್ಮನ್ ಶಾಲೆಯೂ ಉಂಟು. ಈ ಖಂಡಕ್ಕೆ ಬಂದು 150 ವರ್ಷವಾದರೂ ಮನೆಮಾತು ಬಿಟ್ಟಿಲ್ಲ, ಅಲ್ವಾ? ನಾವು ಭಾನುವಾರ ಒಂದು ಗಂಟೆ ಕನ್ನಡ ಕಲಿಸಿ, ಯುಗಾದಿಗೆ ಹಾಡು ಹೇಳಿಸಿ, ಸಾಕು ಅಂದುಕೊಂಡಿದ್ದೇವೆ. ನನ್ನ ಪ್ರಕಾರ ಅದು ಸಾಲದು.

ಅವರ ಬದುಕು ನನಗೆ ಬೇಕು ಅಂತ ಹೇಳುತ್ತಿಲ್ಲ. ಕಾಲೊನಿ ಬಿಟ್ಟು ಹೋಗುವವರು ಬರಿಗೈಯಲ್ಲಿ ಹೋಗಬೇಕು. ನನ್ನ ಮಕ್ಕಳನ್ನು ಹಾಗೆ ಕಳಿಸಲು ನನ್ನಿಂದಾಗದು. ಆದರೆ ದಿನಾ ಒಂದು ಹೊತ್ತು ಒಟ್ಟಿಗೆ ಕೂತು ಉಣ್ಣುವುದು, ಆಗ ನಮ್ಮ ಮಾತೇ ಆಡುವುದು, ಇಷ್ಟು ನಮ್ಮಿಂದಲೂ ಆಗುತ್ತದೆ. ಈ ವಾರ ಶುರು ಮಾಡಿದೆವು. ಮೊದಲೆರಡು ದಿನ ಮಗ ಸುಮ್ನೆ ಉಂಡು ಎದ್ದ. ನಿನ್ನೆ ಹುಳಿಯಲ್ಲಿದ್ದ ನುಗ್ಗೆಕಾಯಿ ಎತ್ತಿ ಹಿಡಿದು, “ಅಪ್ಪಾ, ಇದಕ್ಕೆ ಏನಂತಾರೆ?” ಅಂತ ಕೇಳಿದ.