ಫ್ರಿಜ್ ಬಾಗಿಲ ಮೇಲಿನ ಪಟ್ಟಿ

ನಮ್ಮ ಮದುವೆಯಾದಾಗ ನನ್ನ ಹೆಂಡತಿ ತುಮಕೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಮುಗಿಸಿದ್ದಳು. ಆಮೇಲೆ ಬಾಣಂತನ, ಮಗು, ನನ್ನ ಕೆಲಸದ ಓಡಾಟ. ಓದು ಅಲ್ಲಿಗೇ ನಿಂತಿತು. ಬೆಂಗಳೂರಿನಲ್ಲಿದ್ದಾಗ ಹೆಸರುವಾಸಿ ಕಾಲೇಜೊಂದಕ್ಕೆ ಅವಳ ಅಂಕಪಟ್ಟಿ ಹಿಡಿದು ಹೋಗಿದ್ದೆವು. ಆಫೀಸಿನವರು ಹಿಂದೆಮುಂದೆ ತಿರುಗಿಸಿ ನೋಡಿ, "ಬೇರೆ ಯೂನಿವರ್ಸಿಟಿದು ನಡೆಯಲ್ಲ ಮೇಡಂ, ಬೇಕಿದ್ರೆ ಮತ್ತೆ ಫಸ್ಟ್ ಇಯರ್ ಸೇರ್ಕೊಳ್ಳಿ" ಅಂದರು. ಮಗಳು ಅವಳ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿಗೆ ಸೇರಿಸಿಕೊಂಡು ವಾಪಸು ಬಂದೆವು.

ಈಗ ಅವಳಿಗೆ ಮೂವತ್ತೆರಡು. ಇಬ್ಬರು ಮಕ್ಕಳು. ಅಮೆರಿಕದ ಬರ್ಕ್ಲಿಯಲ್ಲಿ, 1868ರಲ್ಲಿ ಶುರುವಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಸ್ಟ್ಯಾಟಿಸ್ಟಿಕ್ಸ್ ಓದುತ್ತಿದ್ದಾಳೆ.

ನಾವೀಗಿರುವ ಕ್ಯಾಲಿಫೋರ್ನಿಯಾ ರಾಜ್ಯ 1960ರಲ್ಲೇ ಉನ್ನತ ಶಿಕ್ಷಣಕ್ಕೊಂದು ಮಾಸ್ಟರ್ ಪ್ಲಾನ್ ಮಾಡಿಕೊಂಡಿತು. ಕಮ್ಯುನಿಟಿ ಕಾಲೇಜು ಎಲ್ಲರಿಗೂ ತೆರೆದಿರಬೇಕು, ಅಲ್ಲಿ ಎರಡು ವರ್ಷದ ಪಾಠ ಮುಗಿಸಿದವರು ದೊಡ್ಡ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರುವಂತಿರಬೇಕು ಎನ್ನುವುದು ಅದರ ಭಾಗ. ಮೊದಲ ವರ್ಷಕ್ಕೆ ಸೇರುವ ಇಬ್ಬರಿಗೆ ಒಬ್ಬರಂತೆ ಹೀಗೆ ಬರುವವರನ್ನು ತೆಗೆದುಕೊಳ್ಳುವುದು ವಿಶ್ವವಿದ್ಯಾಲಯದ ಗುರಿ. ಅವಳು ಕ್ಯುಪರ್ಟಿನೋದ ಡಿ ಆಂಜಾ ಎಂಬ ಕಮ್ಯುನಿಟಿ ಕಾಲೇಜಿಗೆ ಸೇರಿದಳು. ಇಲ್ಲಿಯ ನಿವಾಸಿಗಳಿಗೆ ಯೂನಿಟ್ಟಿಗೆ, ಅಂದರೆ ಪಾಠವನ್ನು ಲೆಕ್ಕ ಹಾಕುವ ಒಂದು ಅಳತೆಗೆ, 31 ಡಾಲರ್ ಶುಲ್ಕ. ಒಟ್ಟು 90 ಯೂನಿಟ್ ಆಗಬೇಕು. ಮಕ್ಕಳಿರುವುದರಿಂದ ಸುಮಾರು ಮೂರು ತಿಂಗಳ ಒಂದೊಂದು ಕ್ವಾರ್ಟರಿಗೆ ಎರಡು ಮೂರೇ ವಿಷಯ ತೆಗೆದುಕೊಂಡು ಮೂರು ವರ್ಷದಲ್ಲಿ ಮುಗಿಸಿದಳು.

ನನ್ನನ್ನು ಬೆರಗುಗೊಳಿಸಿದ್ದು ಅಸಿಸ್ಟ್ ಎಂಬ ಜಾಲತಾಣ. ಕಮ್ಯುನಿಟಿ ಕಾಲೇಜಿನಲ್ಲಿ ಓದಿದ ಯಾವ ಗಣಿತ ವಿಶ್ವವಿದ್ಯಾಲಯದಲ್ಲಿ ಯಾವುದಕ್ಕೆ ಸಮ ಎಂಬುದನ್ನು ಸೇರುವ ಮೊದಲೇ ಅದು ತೋರಿಸುತ್ತದೆ. ಯಾರ ಟೇಬಲ್ ಮುಂದೆಯೂ ಕೈಕಟ್ಟಿ ನಿಲ್ಲಬೇಕಿಲ್ಲ. ಆ ಪಟ್ಟಿಯನ್ನು ಪ್ರಿಂಟ್ ತೆಗೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆವು. ಒಂದು ವಿಷಯ ಮುಗಿದಾಗ ಪೆನ್ಸಿಲ್ಲಿನಲ್ಲಿ ಒಂದು ಗೀಟು. ಆರು ತಿಂಗಳಿಗೆಂದು ಬಂದಿದ್ದ ನಮ್ಮಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಆದರೆ ಹಾಲು ತೆಗೆಯಲು ಹೋದಾಗಲೆಲ್ಲ ಎಣಿಸುತ್ತಿದ್ದರು. "ಇನ್ನು ನಾಲ್ಕು ಉಳೀತು ಕಣಮ್ಮ, ನೀನು ಹೋಗಿ ಓದ್ಕೋ, ಚಿಕ್ಕವನನ್ನ ನಾನು ಮಲಗಿಸ್ತೀನಿ" ಅನ್ನುತ್ತಿದ್ದರು.

ಸುಲಭವಾಗಿತ್ತು ಎಂದು ಹೇಳಲಾರೆ. ಇದೇ ವಿಶ್ವವಿದ್ಯಾಲಯದ ಡೇವಿಸ್, ಅರ್ವೈನ್ ಸೇರಿ ಆರು ಕ್ಯಾಂಪಸ್‌ಗಳು ನಿಗದಿತ ಅಂಕ ಬಂದವರಿಗೆ ಸೀಟಿನ ಖಾತ್ರಿ ಕೊಡುತ್ತವೆ, ಬರ್ಕ್ಲಿ ಕೊಡುವುದಿಲ್ಲ. ಡೇವಿಸ್‌ನ ಸೀಟನ್ನು ಕೈಯಲ್ಲಿಟ್ಟುಕೊಂಡೇ ಏಪ್ರಿಲ್‌ವರೆಗೆ ಕಾದೆವು. ಸಂಬಳ ಒಬ್ಬನದೇ. ಮಕ್ಕಳಿರುವ ವಿದ್ಯಾರ್ಥಿಗಳಿಗೆ ಈ ರಾಜ್ಯ ಕೊಡುವ ಹೆಚ್ಚುವರಿ ಅನುದಾನ ನಮ್ಮ ವೀಸಾದವರಿಗೆ ಸಿಗುವುದಿಲ್ಲ. ಆದರೆ ಬರ್ಕ್ಲಿ ಪಕ್ಕದ ಆಲ್ಬನಿಯಲ್ಲಿ ಸಂಸಾರವಿರುವ ವಿದ್ಯಾರ್ಥಿಗಳಿಗೆಂದೇ ವಿಶ್ವವಿದ್ಯಾಲಯದ ಮನೆಗಳಿವೆ. ಅಲ್ಲಿಗೆ ಬಂದೆವು. ಬೆಳಿಗ್ಗೆ ಅವಳು 52ನೇ ನಂಬರ್ ಬಸ್ ಹತ್ತುತ್ತಾಳೆ, ನಾನು ಮಕ್ಕಳನ್ನು ಬಿಟ್ಟು ಸನಿವೇಲ್‌ಗೆ ಕೆಲಸಕ್ಕೆ ಹೊರಡುತ್ತೇನೆ. ಪಕ್ಕದ ಮನೆಗಳ ಮುಂದೆಲ್ಲ ಪುಟ್ಟ ಸೈಕಲ್‌ಗಳು. ಮಗುವಿರುವವರೂ ವಿದ್ಯಾರ್ಥಿಗಳೇ ಎಂದು ಒಪ್ಪಿಕೊಂಡು ಕಟ್ಟಿದ ಜಾಗವದು.

ನಮ್ಮಲ್ಲಿ ಇಂಥದ್ದು ಆಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಡಿಪ್ಲೊಮಾ ಮಾಡಿದ ಹುಡುಗ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುವುದು ನಮ್ಮಲ್ಲಿ ಎಷ್ಟೋ ಕಾಲದಿಂದ ನಡೆದಿದೆ. ಹೊರಗೆ ಓದಿದ್ದಕ್ಕೆ ಬೆಲೆ ಕಟ್ಟಿ ನಡುವೆ ಸೇರಿಸಿಕೊಳ್ಳುವುದು ನಮಗೆ ಗೊತ್ತು. ಅದು ಬಿ.ಎಸ್ಸಿ. ಅರ್ಧಕ್ಕೆ ಬಿಟ್ಟ ತಾಯಿಗೇಕಿಲ್ಲ? 2021ರಲ್ಲಿ ದೇಶದಲ್ಲಿ, ಓದಿದ ಪಾಠಗಳ ಕ್ರೆಡಿಟ್ಟನ್ನು ಖಾತೆಯಲ್ಲಿ ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂತು. ಒಳ್ಳೆಯದೇ. ಆದರೆ ಖಾತೆಯಲ್ಲಿ ಕ್ರೆಡಿಟ್ ಇದ್ದರೆ ಸಾಲದು, ಒಳ್ಳೆಯ ಕಾಲೇಜಿನ ಮೂರನೇ ವರ್ಷದಲ್ಲಿ ಅದಕ್ಕಾಗಿ ಸೀಟು ಕಾದಿಟ್ಟಿರಬೇಕು. ಐಐಟಿ ಸೇರಲು ಬರೆಯುವ ಜೆಇಇ ಅಡ್ವಾನ್ಸ್‌ಡ್ ಅನ್ನು ಸತತ ಎರಡು ವರ್ಷದಲ್ಲಿ ಎರಡೇ ಸಲ ಬರೆಯಬಹುದು. ಹದಿನೆಂಟು ಹತ್ತೊಂಬತ್ತರಲ್ಲಿ ಆಗದಿದ್ದರೆ ಮುಗಿಯಿತು ಅನ್ನುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳು ಮೊದಲು ನೂರಕ್ಕೆ ಐದು ಸೀಟಿನಿಂದಲಾದರೂ ಶುರುಮಾಡಲಿ.

ಅಮ್ಮ ಊರಿಗೆ ಹೋಗಿ ವರ್ಷವಾಯಿತು. ಭಾನುವಾರ ಫೋನ್ ಮಾಡಿದಾಗ ಮಕ್ಕಳ ವಿಚಾರ, ಊಟದ ವಿಚಾರ ಎಲ್ಲ ಮುಗಿದ ಮೇಲೆ ಸೊಸೆಯನ್ನು ಕೇಳುತ್ತಾರೆ: "ಹೊಸ ಪಟ್ಟೀಲಿ ಎಷ್ಟು ಗೀಟಾಯ್ತಮ್ಮ?"