ರೀಲಿಗಿ ಹದಿನೈದು ಸಾವಿರ, ಅಂಬಿಗಗ ನೂರು ರೂಪಾಯಿ?

ಗಾಳ ಹಾಕೋ ಹುಡುಗೂರು ಇತ್ತಿತ್ಲಾಗ ನಮ್ಮ ಕಲಬುರಗಿ ಕಡಿ ಬಾಳ ಆಗ್ಯಾರ. ಖುಷಿ ಅದ. ಆದ್ರ ಸಿಕ್ಕೋರೆಲ್ಲ ಕೇಳೋದು ಒಂದೇ ಮಾತು: "ಕಾಕಾ, ಯಾವ ರೀಲ್ ತಗೊಳ್ಳಿ?" ರೀಲ್ ಅಂದ್ರ ಗಾಳದ ಕೋಲಿಗಿ ಹಚ್ಚೋ, ದಾರ ಸುತ್ತೋ ಗಾಲಿ. ಯಾವ ನೀರಾಗ ಯಾವ ಮೀನು ಇರ್ತದ, ಯಾವ ತಿಂಗಳಾಗ ಏನ್ ತಿಂತದ ಅಂತ ಕೇಳೋರು ಕಡಮಿ. ಮೊಬೈಲಿನಾಗ ಕೇರಳದ್ದೋ ಥಾಯ್ಲೆಂಡಿಂದೋ ವಿಡಿಯೋ ನೋಡ್ತಾರ, ಹದಿನೈದು ಸಾವಿರದ ಸೆಟ್ ತರಸ್ತಾರ, ಹೊಳಿ ದಂಡಿಗಿ ಬಂದು ನೂರು ರೂಪಾಯಿಗಾಗಿ ಅಂಬಿಗನ ಕೂಡ ಜಗಳಕ್ಕ ನಿಂದರ್ತಾರ. ನನಗ ಅನಸೋದು ಇದರ ಉಲ್ಟಾ. ಭೀಮಾ ಹೊಳಿಗಿ ದುಬಾರಿ ಸಾಮಾನು ಬೇಕಾಗಿಲ್ಲ. ಉಳದ ರೊಕ್ಕ ಮೊದಲ ಲೈಫ್ ಜಾಕೆಟ್ಟಿಗಿ ಹೋಗಲಿ, ಆಮ್ಯಾಲ ಹರಗೋಲ ನಡಸೋನ ಕೈಗಿ ಹೋಗಲಿ.

ಯಾಕಂತ ತಿಳೀಬೇಕಂದ್ರ ಹೊಳಿ ಈಗ ಹ್ಯಾಂಗಾಗ್ಯದ ನೋಡಬೇಕು. ಭೀಮಾಶಂಕರದಾಗ ಹುಟ್ಟಿ ಕೃಷ್ಣಾಕ್ಕ ಕೂಡೋತನ ಭೀಮಾ 861 ಕಿಲೋಮೀಟರ್ ಹರೀತದ. ಮ್ಯಾಲ ಮಹಾರಾಷ್ಟ್ರದಾಗ ಉಜ್ಜನಿ ಡ್ಯಾಮ್ ಕುಂತದ. ನಮ್ಮ ಕಡಿ ಸೊನ್ನ, ಘತ್ತರಗಿ, ಸನ್ನತಿ, ಯಾದಗಿರಿ ಹತ್ರ ಗುರುಸಣಗಿ, ಹಿಂಗ ಸಾಲಿಗಿ ಬ್ಯಾರೇಜ್ ಅವ. ಮಳಿಗಾಲ ಮುಗದು ಗೇಟ್ ಇಳಸಿದ್ರಂದ್ರ ಹರಿಯೋ ನೀರು ಹೋಗಿ ನಿಂತ ನೀರು ಆಗ್ತದ. ಅಂದ ಮ್ಯಾಲ ಸಿಗೋ ಮೀನೂ ಕೆರಿ ಮೀನೇ: ಕಾಟ್ಲಾ, ರೋಹು, ಮೃಗಾಲ್, ಜಿಲೇಬಿ (ತಿಲಾಪಿಯಾ). ಕಾಟ್ಲಾ, ರೋಹು ಗಂಗಾ ಬಯಲಿನವು. 1957ರ ಜುಲೈ 10ರಂದು ಒಡಿಶಾದಾಗ ಹೀರಾಲಾಲ್ ಚೌಧುರಿ ಅನ್ನೋ ವಿಜ್ಞಾನಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಜಾತಿ ಮೀನು ಮೊಟ್ಟಿ ಇಡೋಹಂಗ ಮಾಡಿದ್ರು. ಅದಕ್ಕಿಂತ ಮೊದಲ ಮರಿ ಬೇಕಂದ್ರ ಪ್ರವಾಹದ ನೀರಾಗ ಹಿಡೀಬೇಕಾಗ್ತಿತ್ತು. ಹ್ಯಾಚರಿ ಬಂದ ಮ್ಯಾಲ ಮರಿ ಲಾರಿ ಹತ್ತಿ ದೇಶ ತುಂಬ ಓಡ್ಯಾಡಿತು, ನಮ್ಮ ಕೆರಿ, ಡ್ಯಾಮಿಗೂ ಬಂತು. ಜಿಲೇಬಿ 1952ರಾಗ ಹೊರದೇಶದಿಂದ ತಂದಿದ್ದು, ಈಗ ಗಟಾರ ನೀರಿನಾಗೂ ಬದುಕತದ.

ಇದನ್ನ ಯಾಕ ಹೇಳಿದೆ ಅಂದ್ರ, ಈ ಮೀನಿನ ಬಾಯಿ ನೋಡಿದ್ರೇ ಅರ್ಧ ಪಾಠ ಆಗ್ತದ. ಕಾಟ್ಲಾದ ಬಾಯಿ ಮ್ಯಾಲಕ್ಕ ತೆರದಿರ್ತದ, ಅದು ಮ್ಯಾಲಿನ ನೀರಾಗ ತಿಂತದ. ರೋಹು ನಡಾ ನೀರಿಂದು. ಮೃಗಾಲ್ ತಳದಾಗ ರಾಡಿ ಕೆದರಕೋತ ತಿಂತದ. ಮೂರಕ್ಕೂ ಬೆಂಡು, ಅಂದ್ರ ದಾರಕ್ಕ ಕಟ್ಟಿ ನೀರಿನ ಮ್ಯಾಲ ತೇಲಿಸೋದು, ಎಷ್ಟು ಮ್ಯಾಲ ಕಟ್ಟಬೇಕು ಅನ್ನೋದೇ ಲೆಕ್ಕ. ಮೂರು ಮೊಳ ನೀರಾಗ ತಿನ್ನೋ ಮೀನಿಗಿ ಹತ್ತು ಮೊಳ ಕೆಳಗ ಗಾಳ ಬಿಟ್ಟು ಕುಂತ್ರ, ರೀಲ್ ಜಪಾನಿಂದಿದ್ರೇನು, ಚೀನಾದ್ದಿದ್ರೇನು.

ಇನ್ನ ಸಾಮಾನು. ಎಂಟರಿಂದ ಹತ್ತು ಫೂಟಿನ ಫೈಬರ್ ರಾಡ್, 4000 ಸೈಜಿನ ಸಾದಾ ಸ್ಪಿನ್ನಿಂಗ್ ರೀಲ್, 0.35 ಮಿಲಿಮೀಟರ್ ನೈಲಾನ್ ದಾರ, ಒಂದಿಷ್ಟು ಗಾಳ, ಸೀಸದ ಗುಂಡು, ಬೆಂಡು. ಎಲ್ಲಾ ಕೂಡಿ ಮೂರು ಸಾವಿರದ ಒಳಗೇ ಬರ್ತದ. ಬೆಂಡಿಗಿ ನಾ ಈಗ್ಲೂ ಒಣಗಿದ ಜ್ವಾಳದ ದಂಟಿನ ಬೆಂಡೇ ಹಚ್ತೀನಿ, ಅಂಗಡ್ಯಾಗಿನ ಬಣ್ಣದ್ದಕ್ಕಿಂತ ಹಗುರ ಇರ್ತದ. ಎರಡು ದಿನಕ್ಕ ನೀರು ಕುಡೀತದ ಖರೇ, ಅದಕ್ಕೇನು, ಹೊಲದಾಗ ಬೇಕಾದಷ್ಟು ಬಿದ್ದದ.

ಬ್ರೇಡ್, ಅಂದ್ರ ಎಳಿ ಎಳಿ ಹೆಣದ ದಾರದ ಹುಚ್ಚು ಬಾಳ ಮಂದಿಗಿ ಹತ್ಯದ. ಬ್ರೇಡ್ ತೆಳ್ಳಗ, ಗಟ್ಟಿ, ಆದ್ರ ಹಿಗ್ಗಂಗಿಲ್ಲ, ಕಲ್ಲಿಗಿ ತಿಕ್ಕಿದ್ರ ತಡಕೊಳ್ಳಂಗಿಲ್ಲ. ಕಾಗಿಣಾ ಹೊಳ್ಯಾಗ ಮಳಖೇಡದಿಂದ ಕೆಳಗ ತಳ ಎಲ್ಲಾ ಶಹಾಬಾದ ಕಲ್ಲಿನ ಪದರ ಪದರ. ದೊಡ್ಡ ಮೀನು ಒಮ್ಮೆ ಆ ಕಲ್ಲಿನ ಅಂಚಿಗಿ ಹೋತಂದ್ರ ಬ್ರೇಡ್ ಪಟ್ ಅಂತದ. ನೈಲಾನ್ ಹಿಗ್ಗತದ, ಮೀನಿನ ಜಗ್ಗಾಟ ತಾನೇ ನುಂಗತದ. ಆದ್ರ ನಮ್ಮ ಬಿಸಲಿಗಿ ನೈಲಾನ್ ಲಗೂನೇ ಹಾಳಾಗ್ತದ, ವರ್ಷಕ್ಕೊಮ್ಮೆ ಬದಲ ಮಾಡ್ರಿ. ಡ್ರ್ಯಾಗ್, ಅಂದ್ರ ರೀಲಿನಾಗ ದಾರ ಹಿಡದಿಡೋ ತಿರುಪು, ಬಿಗೀ ಮಾಡಿ ಇಡಬ್ಯಾಡ್ರಿ. ದಾರ ತಾಳೋ ಭಾರದ ಮೂರನೇ ಒಂದು ಪಾಲಿಗಿ ರೀಲ್ ದಾರ ಬಿಡಬೇಕು.

ಕಾರ್ಬನ್ ರಾಡಿನ ಮಾತು ಬ್ಯಾರೆ. ಕಾರ್ಬನ್ನಿನಾಗ ಕರೆಂಟ್ ಹರೀತದ. ನಮ್ಮ ಹೊಳಿ ದಂಡಿ ತುಂಬ ಪಂಪ್‌ಸೆಟ್, ಜೋಲು ಬಿದ್ದ ವೈಯರ್. ಹತ್ತು ಫೂಟಿನ ಕಾರ್ಬನ್ ಕೋಲು ಎತ್ತಿ ಬೀಸೋ ಮೊದಲ ಒಮ್ಮೆ ತಲಿ ಮ್ಯಾಲ ನೋಡ್ರಿ. ಸಿಡ್ಲು ಮಿಂಚಿನಾಗಂತೂ ಅದನ್ನ ಕೆಳಗ ಇಟ್ಟು ದೂರ ಹೋಗ್ರಿ.

ತಿನಸಿಗಿ ಶೇಂಗಾ ಹಿಂಡಿ. ಹುರದು, ಕುಟ್ಟಿ, ಜ್ವಾಳದ ಹಿಟ್ಟಿನ ಕೂಡ ಉಂಡಿ ಮಾಡಿ ಸ್ಪ್ರಿಂಗ್ ಗಾಳಕ್ಕ ಮೆತ್ತಿದ್ರ ರೋಹು ಬರ್ತದ. ಎರಿಹುಳ ಚೇಳುಮೀನಿಗಿ. ಇದರ ಮ್ಯಾಲ ಹೇಳೋದು ಏನೂ ಇಲ್ಲ, ಒಬ್ಬೊಬ್ಬರದು ಒಂದೊಂದು ಮಸಾಲಿ, ಎಲ್ಲರೂ ತಮ್ಮದೇ ಛಲೋ ಅಂತಾರ.

ಮರಳ್ ಅಂದ್ರ ಕೊರವನ ಬಗ್ಗಿ ಮಾತ್ರ ಜರಾ ಹೇಳಬೇಕು. ಇದು ಮ್ಯಾಲ ಬಂದು ಗಾಳಿ ಕುಡಿಯೋ ಮೀನು, ಬ್ಯಾಸಗಿದಾಗ ಒಣಗೋ ಹೊಂಡದಾಗೂ ಉಳೀತದ. ಮಿರಗ ಕೂಡಿದ ದಿನ ಹೈದರಾಬಾದಿನಾಗ ದಮ್ಮಿನವರಿಗಿ ಜೀವಂತ ನುಂಗಸ್ತಾರಲ್ಲ, ಅದೇ ಮೀನಿನ ಮರಿ. ಮಳಿ ಶುರು ಆದಾಗ ಕೆಂಪನ ಸಣ್ಣ ಮರಿಗಳು ಗುಂಪು ಕಟ್ಟಿಕೊಂಡು ಮ್ಯಾಲ ಕುದಿಯೋಹಂಗ ಕಾಣ್ತಾವ, ಅವರ ಅವ್ವ-ಅಪ್ಪ ಕೆಳಗ ಕಾಯ್ತಿರ್ತಾವ. ಆ ಗುಂಪಿನ ಮ್ಯಾಲ ರಬ್ಬರ್ ಕಪ್ಪಿ ಎಸದ್ರ ಕಾಯೋ ಮೀನು ಸಿಟ್ಟಿಲಿಂದ ಬಂದು ಕಚ್ಚತದ. ಬಾಳ ಸರಳ ಬ್ಯಾಟಿ. ಅದಕ್ಕೇ ನನಗ ಅದು ನಾಚಿಗಿಗೇಡಿ ಕೆಲಸ ಅನಸ್ತದ. ತಾಯಿ-ತಂದಿ ಎತ್ತಿದ ಮ್ಯಾಲ ಮರಿ ಗುಂಪು ಬ್ಯಾರೆ ಮೀನಿನ ಬಾಯಿಗಿ ಹೋಗ್ತದ. ವಿಡಿಯೋದಾಗ "ಒಂದೇ ಎಸತಕ್ಕ ಮರಳ್" ಅಂತ ಎದಿ ಉಬ್ಬಸೋರು ಇದನ್ನ ಹೇಳಂಗಿಲ್ಲ.

ಮೀನು ಹಿಡೀಲಿಕ್ಕ ತೋಟಾ ಸಿಡಸೋದು, ವಿಷ ಹಾಕೋದು 1897ರ ಮೀನುಗಾರಿಕಿ ಕಾಯ್ದೆದಾಗೇ ಗುನ್ನೆ. ನೀರಿಗಿ ಕರೆಂಟ್ ಬಿಡೋರ ಬಗ್ಗಿ ಬರದ್ರ ಬೈಗುಳ ಬರ್ತಾವ, ಬಿಡ್ರಿ.

ಈಗ ದೋಣಿ. "ಕಾಕಾ, ಗಾಳಿ ತುಂಬೋ ದೋಣಿ ಆನ್‌ಲೈನಿನಾಗ ಬಂದದ, ತರಸ್ಲಿ?" ಅಂತ ಹ್ವಾದ ವಾರ ಒಬ್ಬ ತಮ್ಮ ಕೇಳ್ದ. ತರಸಬ್ಯಾಡಪ್ಪ. ಭೀಮಾ ದಂಡಿ ತುಂಬ ಜಾಲಿ. ಮುಳ್ಳು ದಂಡಿಮ್ಯಾಗಷ್ಟೇ ಇರಂಗಿಲ್ಲ, ಹೊಳಿ ತುಂಬಿ ಇಳದಾಗ ಟೊಂಗಿ ಟೊಂಗಿನೇ ನೀರಾಗ ಉಳೀತಾವ. ಗಾಳಿ ಬೀಸಿದ್ರ ಆ ದೋಣಿ ನಿಂತಲ್ಲಿ ನಿಲ್ಲಂಗಿಲ್ಲ, ಖಾಲಿ ಚೀಲ ಹಾರಿದಂಗ ಹಾರತದ. ಮರಳು ತೆಗದ ಗುಂಡಿ ಎಲ್ಲಿ ಅವ ಅಂತ ನಿನಗ ಗೊತ್ತಿಲ್ಲ. ಮೊಳಕಾಲು ನೀರಾಗ ಇಳದು ದೋಣಿ ನೂಕೋ ಹೊತ್ತಿಗಿ ಮುಂದಿನ ಹೆಜ್ಜಿ ಎರಡಾಳು ಆಳ.

ಹರಗೋಲ ಯಾಕ ಉಳದದ? ಬಿದಿರಿನ ಸೀಳು ಹೆಣದು, ಮೊದಲ ಚರ್ಮ, ಈಗ ತಾಡಪಲ್ ಹೊಚ್ಚಿ, ಡಾಂಬರ ಬಳದು ಮಾಡ್ತಾರ. ಒಬ್ಬನೇ ತಲಿಮ್ಯಾಗ ಹೊತಗೊಂಡು ಹೋಗಬಹುದು. ತಳ ಚಪ್ಪಟಿ, ಗೇಣು ನೀರಿದ್ರೂ ಕಲ್ಲಿನ ಮ್ಯಾಲಿಂದ ಜಾರಿ ಹೋಗ್ತದ. ಹರದ್ರ ಹೊಳಿ ದಂಡ್ಯಾಗೇ ಡಾಂಬರ ಕಾಯಿಸಿ ತೇಪಿ ಹಚ್ಚಿದ್ರ ಆತು. 1520ರ ಆಸುಪಾಸಿಗಿ ವಿಜಯನಗರಕ್ಕ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬುಟ್ಟಿಯಂಥ ಈ ದೋಣಿ ನೋಡಿ ಬರದಿಟ್ಟಾನ: ಒಳಗ ಬೆತ್ತ, ಹೊರಗ ಚರ್ಮ, ಹದಿನೈದಿಪ್ಪತ್ತು ಮಂದಿ ಹಿಡೀತಾರ, ನಡಿಯೋವಾಗ ತಿರುಗತಾನೇ ಇರ್ತದ. ತಿರುಗೋದು ಈಗ್ಲೂ ಬಿಟ್ಟಿಲ್ಲ. ಹಿಂಗಾಗಿ ಅದರಾಗ ಇಬ್ಬರು ಕೂಡಿ ಗಾಳ ಹಾಕಿದ್ರ ದಾರಕ್ಕ ದಾರ ಸುತ್ತಿಕೊಳ್ತದ. ಒಬ್ಬನೇ ಹಾಕ್ರಿ. ನಡುವ, ಕೆಳಗ ಕೂಡ್ರಿ. ಮೀನು ಹತ್ತಿದ ಖುಷಿಗಿ ಎದ್ದು ನಿಂದರಬ್ಯಾಡ್ರಿ, ದಂಡಿಗಿ ಭಾರ ಬಿತ್ತಂದ್ರ ಬುಟ್ಟಿ ಮಗಚತದ. ಥರ್ಮಾಕೋಲ್ ತೆಪ್ಪದ ಮ್ಯಾಲ ಬಲಿ ಬಿಡೋರನ್ನ ನೋಡೀರಿ, ಅದು ಅವರ ಹೊಟ್ಟಿಪಾಡು. ನಾವು ಶೋಕಿಗಿ ಹತ್ತೋದು ಬ್ಯಾಡ.

ಎಲ್ಲಾಕ್ಕಿಂತ ದೊಡ್ಡ ಮಾತು, ಹರಗೋಲಿನ ಕೂಡ ಅಂಬಿಗ ಬರ್ತಾನ. ಯಾವ ಮಡುವಿನಾಗ ಬಾಳೆಮೀನು ಅದ, ಎಲ್ಲಿ ಹಳಿ ಬಲಿ ಮುಳಗ್ಯದ, ಯಾವ ಗೇಟ್ ಎತ್ತಿದ್ರ ಎಲ್ಲಿ ಸೆಳವು ಬರ್ತದ, ಎಲ್ಲಾ ಅವನ ತಲ್ಯಾಗ ಇರ್ತದ. 2020ರ ಅಕ್ಟೋಬರಿನಾಗ ಮ್ಯಾಲಿಂದ ನೀರು ಬಿಟ್ಟಾಗ, ಇಲ್ಲಿ ಮಳಿನೂ ಸುರದು, ಭೀಮಾ ಊರೂರೇ ಹೊಕ್ಕಿತ್ತಲ್ಲ, ಆಮ್ಯಾಲ ತಳ ಎಲ್ಲಾ ಬದಲಾತು. ಆ ಬದಲ ಯಾವ ನಕಾಶೆದಾಗೂ ಇಲ್ಲ. ಕೃಷ್ಣಾಕ್ಕ, ಅಂದ್ರ ನಾರಾಯಣಪುರ ಡ್ಯಾಮಿನ ಕೆಳಗ, ತಿಂಥಣಿ ಕಡಿ ಹೋಗೋರಿಗಂತೂ ಅಂಬಿಗ ಬೇಕೇ ಬೇಕು. ಅಲ್ಲಿ ಮೊಸಳಿ ಅವ. ನೀರಾಗ ಕಾಲು ಇಳಿಬಿಟ್ಟು ಗಾಳ ಹಾಕೋ ಜಾಗ ಅಲ್ಲ ಅದು.

ಅವನ ಕೂಡ ಕೊಸರಾಡೋದು ನನಗ ತಿಳೀದ ವಿಷಯ. ನಾವು ಕರಕೊಂಡು ಹ್ವಾದ ದಿನ ಅವನ ಬಲಿ ಬಂದ್. ಅಂದ್ರ ಆ ದಿನದ ಮೀನು, ಆ ದಿನದ ಸಂತಿ ಎಲ್ಲಾ ಹೋತು. ನಮ್ಮ ಗಾಳ ಸಿಕ್ಕು ಅವನ ಬಲಿ ಹರದ್ರ ಅದೂ ಅವನ ಮೈಮ್ಯಾಲೇ. ಜನವರಿ 21ಕ್ಕ ಅಂಬಿಗರ ಚೌಡಯ್ಯನವರ ಜಯಂತಿಗಿ ಫೋಟೋಕ್ಕ ಹಾರ ಹಾಕಿ ಸ್ಟೇಟಸ್ ಇಡ್ತೀವಿ, ಮರುದಿನ ಹೊಳ್ಯಾಗ ನಿಂತು "ಐವತ್ತು ಕಡಮಿ ಮಾಡೋ" ಅಂತ ಏಕವಚನದಾಗ ಮಾತಾಡ್ತೀವಿ. ವಯಸ್ಸಾದ ಮನಷ್ಯಾಗ "ಯಪ್ಪಾ, ಕಾಕಾ" ಅನ್ಲಿಕ್ಕೂ ಬಾಯಿ ಬರಂಗಿಲ್ಲ. ಕೆರಿ, ಡ್ಯಾಮ್ ಇದ್ರ ಅಲ್ಲಿ ಮೀನುಗಾರರ ಸಹಕಾರ ಸಂಘದ ಗುತ್ತಿಗಿ ಇರ್ತದ, ಕೇಳದ ಗಾಳ ಬಿಟ್ರ ಅವರು ಬಿಟ್ಟ ಮರಿ ನಾವು ಎತ್ತಿದಂಗ.

ಜಾಕೆಟ್ಟಿಂದು ಇನ್ನೊಂದು ಮಾತು. ತಂದು ಬುಟ್ಟ್ಯಾಗ ಇಟ್ಟು ಅದರ ಮ್ಯಾಲ ಕುಂದರೋರು ಅದಾರ. ಹಾಕೋರಿ, ಬೆಲ್ಟ್ ಕಟ್ಟ್ರಿ. ಅಂಬಿಗಗೂ ಒಂದು ಕೊಡ್ರಿ. "ನನಗ್ಯಾಕ್ರಿ, ನಾ ಹೊಳ್ಯಾಗೇ ಹುಟ್ಟೀನಿ" ಅಂತಾನ, ಕೇಳಬ್ಯಾಡ್ರಿ. ಈಜು ಬರೋರೇ ಹಳಿ ಬಲಿದಾಗ ಕಾಲು ಸಿಕ್ಕು ಹೋಗ್ತಾರ.

ದೇವಲ ಗಾಣಗಾಪುರದ ಸಂಗಮದಾಗ ನಾ ಗಾಳ ಹಾಕಂಗಿಲ್ಲ, ಅದು ಜಳಕಾ ಮಾಡೋರ ಜಾಗ. ಹೊನಗುಂಟಾದಾಗ ಕಾಗಿಣಾ ಬಂದು ಭೀಮಾಕ್ಕ ಕೂಡೋ ಕಡಿ ಚಳಿಗಾಲದಾಗ ಛಲೋ ಇರ್ತದ. ಈ ಸಲ ಗೇಟ್ ಇಳದು ನೀರು ತಿಳಿ ಆದ ಮ್ಯಾಲ ಸನ್ನತಿ ಕಡಿ ಹೋಗೋದು ಅದ. ಬರೋರು ತಿಳಸ್ರಿ. ರಾಡ್ ಇಲ್ದಿದ್ರ ನಾ ಕೊಡ್ತೀನಿ, ಜಾಕೆಟ್ ನೀವೇ ತರಬೇಕು. ಹರಗೋಲಿನ ಬಾಡಿಗಿ ಮೊದಲೇ ಮಾತಾಡಿ ಇಟ್ಟಿರ್ತೀನಿ, ಅಲ್ಲಿ ಬಂದು ಯಾರೂ ಚೌಕಾಸಿ ಮಾಡಂಗಿಲ್ಲ.