ಕಲಾವಿದನ ಮನೆಗೆ ಹಿರಿಯರ ದಂಡಯಾತ್ರೆ

ಎಪ್ಪತ್ತು ದಾಟಿದ ಇಪ್ಪತ್ತು ಮಂದಿ ಮುಂದೊಂದು ದಿನ ಮೊಣಕಾಲು ಹಿಡಿದುಕೊಂಡು ತನ್ನ ಮಹಡಿ ಹತ್ತುತ್ತಾರೆಂದು ಯಾವ ಕಲಾವಿದನೂ ಯೋಚಿಸಿದಂತಿಲ್ಲ. ಅವನಿಗೆ ಬೇಕಿದ್ದದ್ದು ಬೆಳಕು. ಯುರೋಪಿನಲ್ಲಿ ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದು ತೀರಾ ಕಡಿಮೆ, ಮೇಲಂತಸ್ತಿಗೆ ಪಕ್ಕದ ಮನೆಯ ನೆರಳಿನ ಕಾಟವೂ ಅಷ್ಟಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಡಚ್ ಚಿತ್ರಕಾರ ರೆಂಬ್ರಾಂಟ್ 1639ರಲ್ಲಿ ಕೊಂಡ, ಈಗ ಮ್ಯೂಸಿಯಂ ಆಗಿರುವ ಮನೆಯಲ್ಲೂ ದೊಡ್ಡ ಸ್ಟುಡಿಯೊ ಇರುವುದು ಮಹಡಿಯಲ್ಲೇ. 1656ರಲ್ಲಿ ಆತ ದಿವಾಳಿಯಾದಾಗ ಬರೆದ ಸಾಮಾನಿನ ಪಟ್ಟಿ ಹಿಡಿದೇ ಈಗ ಕೋಣೆಗಳನ್ನು ಸಜ್ಜುಗೊಳಿಸಿದ್ದಾರೆ. ಇದನ್ನು ಹೇಳಿದ್ದೇ ತಡ, ಗುಂಪಿನಲ್ಲಿರುವ ನಿವೃತ್ತ ಬ್ಯಾಂಕಿನವರು ಬಡ್ಡಿ ದರ ಕೇಳುತ್ತಾರೆ. ಗೈಡಿಗೆ ಹತ್ತು ನಿಮಿಷ ಅಲ್ಲೇ ಹೋಯಿತು.

ಎಡವಟ್ಟು ಶುರುವಾಗುವುದು ಹೊಸ್ತಿಲಲ್ಲಿ. ಹಳೆಯ ಕಾಗದ, ಬಟ್ಟೆ, ಜಲವರ್ಣ ಬೆಳಕಿಗೆ ಮಾಸುವುದರಿಂದ ಅವಿರುವ ಕೋಣೆಯ ದೀಪವನ್ನು 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಆಸುಪಾಸಿಗೆ ಇಳಿಸಿರುತ್ತಾರೆ. ಇಪ್ಪತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕಿನಲ್ಲಿ ಅರವತ್ತರ ಕಣ್ಣಿಗೆ ಸಿಗುವುದು ಸುಮಾರು ಮೂರನೇ ಒಂದು ಪಾಲು. ಸಾಲದ್ದಕ್ಕೆ ಬಿಸಿಲಿಗೆ ಕಪ್ಪಾಗುವ ಕನ್ನಡಕ! ಒಳಗೆ ಬಂದ ಮೇಲೂ ಅದು ತಿಳಿಯಾಗಲು ಕೆಲವು ನಿಮಿಷ ಬೇಕು, ಚಳಿಯಿದ್ದರೆ ಇನ್ನೂ ನಿಧಾನ. "ಚಿತ್ರದಲ್ಲಿ ಎಂಥಾ ಗಾಢತೆ!" ಎಂದು ತಲೆದೂಗುವವರು ಎಷ್ಟೋ ಸಲ ಬಾಗಿಲು ನೋಡುತ್ತಿರುತ್ತಾರೆ. ಒಳಗೆ ಟಿಕೆಟ್ ಕೌಂಟರಿನ ಬಳಿಯೇ ಐದು ನಿಮಿಷ ಎಲ್ಲರನ್ನೂ ಕೂರಿಸಿ, ಕಣ್ಣೂ ಕನ್ನಡಕವೂ ಒಟ್ಟಿಗೆ ಹೊಂದಿಕೊಳ್ಳುತ್ತವೆ.

ಮಹಡಿ ಹತ್ತುವಾಗ ಏದುಸಿರು, ಇಳಿಯುವಾಗ ಅಪಾಯ. ಬೈಫೋಕಲ್ ಕನ್ನಡಕದ ಕೆಳಭಾಗ ಓದುವ ದೂರಕ್ಕೆ ಮಾಡಿದ್ದು, ಅದರಲ್ಲಿ ಮೆಟ್ಟಿಲಿನ ಅಂಚು ಮಸುಕು. ಗದ್ದ ಎದೆಗಿಟ್ಟು ಮೇಲ್ಭಾಗದಿಂದ ನೋಡಬೇಕು, ಒಂದು ಕೈ ಕಂಬಿ ಬಿಡಬಾರದು. ವಿಡಿಯೊ ಮಾಡುತ್ತಲೇ ಇಳಿಯುವವರನ್ನು ಎಲ್ಲರಿಗಿಂತ ಮುಂದೆ ಬಿಡಿ. ಹಿಂದೆ ಬಿಟ್ಟರೆ ಬೀಳುವಾಗ ಐದಾರು ಜನರನ್ನು ಜೊತೆಗೆ ಕರೆತರುತ್ತಾರೆ.

ಇಷ್ಟಾದ ಮೇಲೆ ಕೂರಲು ಕಾಣುವುದು ಮುನ್ನೂರು ವರ್ಷದ ಕುರ್ಚಿ. ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಅಂಥ ಕುರ್ಚಿಗಳ ಮೇಲೆ ಪೈನ್ ಮರದ ಒಣಕಾಯಿ ಇಡುವ ಪದ್ಧತಿಯಿದೆ. ಹಗ್ಗವನ್ನು ದಾಟಬಹುದು, ಫಲಕವನ್ನು ಕಾಣಲಿಲ್ಲ ಎನ್ನಬಹುದು, ಒಣಕಾಯಿಯ ಸಂದೇಶ ಕೂತ ತಕ್ಷಣ ತಲುಪುತ್ತದೆ. ಮಡಚುವ ಸ್ಟೂಲ್ ಒಯ್ಯಬಹುದೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳುವುದು ಕ್ಷೇಮ.

ಇನ್ನು ಶೌಚಾಲಯದ ಲೆಕ್ಕ. ಇಪ್ಪತ್ತು ಜನ, ಎರಡು ಬಾಗಿಲು, ತಲೆಗೆ ಮೂರು ನಿಮಿಷ: ಅರ್ಧ ಗಂಟೆ. ಕಾರ್ಯಕ್ರಮ ಪಟ್ಟಿಯಲ್ಲಿ ಇದಕ್ಕೆ ಬರೆದಿರುವುದು ಹತ್ತು ನಿಮಿಷ, ಬರೆದವರಿಗೆ ವಯಸ್ಸು ಮೂವತ್ತು. ಫ್ರಾನ್ಸಿನ ಜಿವರ್ನಿಯಲ್ಲಿ ಚಿತ್ರಕಾರ ಕ್ಲಾಡ್ ಮೊನೆ 1883ರಿಂದ 1926ರವರೆಗೆ ಬಾಳಿದ ಮನೆಯಿಂದ ನೈದಿಲೆ ಕೊಳಕ್ಕೆ ರಸ್ತೆಯಡಿಯ ಸುರಂಗದಲ್ಲಿ ನುಗ್ಗಿ ಹೋಗಬೇಕು. ಮಾತ್ರೆ ಡಬ್ಬಿ ಮನೆಯ ಕಡೆಯೇ ಉಳಿಯಿತೆಂದು ಹೊಳೆಯುವುದು ಕೊಳದ ಸೇತುವೆ ಮೇಲೆ.

ತಲೆಯೆಣಿಕೆಗೆ ಜೋಡಿ ಮಾಡುವುದು ಉತ್ತಮ, ಆದರೆ ಗಂಡ–ಹೆಂಡತಿಯನ್ನು ಒಂದೇ ಜೋಡಿಗೆ ಹಾಕಬೇಡಿ. ಒಬ್ಬರು ಬಂದಿಲ್ಲವೆಂದು ಇನ್ನೊಬ್ಬರು ಬಾಯಿಬಿಡುವುದು ಬಸ್ಸು ಹೊರಟು ಎರಡು ಕಿಲೋಮೀಟರ್ ಆದ ಮೇಲೆ. ಹಾಗೆ ತಪ್ಪಿಸಿಕೊಂಡವರನ್ನು ಮೊದಲು ಅಂಗಡಿಯಲ್ಲಿ ಹುಡುಕಿ. ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್‌ಗಳಲ್ಲಿ ಯಾವುದರ ಬೆಲೆ ಕಡಿಮೆ ಎಂದು ಕನ್ನಡಕ ತೆಗೆದು ನೋಡುತ್ತಿರುತ್ತಾರೆ.